ಆಟದ ಹುಡುಗರಿಗೆ ಬೆಲೆ ಕಟ್ಟಿದವರು ಯಾರು?

ಸ್ಪರ್ಧೆಯೇ ವ್ಯಾಪಾರದ ಜೀವಾಳವೆಂದು ಅಮೆರಿಕದ ಧಣಿಗಳು ಲೋಕಕ್ಕೆಲ್ಲ ಬೋಧಿಸುತ್ತ ಬಂದಿದ್ದಾರೆ. ಆ ಸ್ಪರ್ಧೆಯಿಂದ ದುಡಿಯುವವನಿಗೆ ನಾಲ್ಕು ಕಾಸು ಹೆಚ್ಚು ಸಿಗುವಂತಾದಾಗ ಅದೇ ಧಣಿಗಳು ಏನು ಮಾಡುತ್ತಾರೆ? ಇದನ್ನು ತಿಳಿಯಲು ಅವರ ಬೇಸ್‌ಬಾಲ್ ಆಟವನ್ನು ನೋಡಿದರೆ ಸಾಕು. ಬೇರೆ ಉದ್ಯಮಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ನಡೆಯುವ ಮಾತುಕತೆಯನ್ನು ಇಲ್ಲಿ ನಿಯಮವನ್ನಾಗಿ ಮಾಡಿ ಅಚ್ಚು ಹಾಕಿಸಿದ್ದಾರೆ.

ನಮ್ಮ ಕ್ರಿಕೆಟ್ಟಿನಂತೆ ಇದೂ ಚೆಂಡು ದಾಂಡಿನ ಆಟ. ಅಲ್ಲಿಯ ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಹೈಸ್ಕೂಲು ಮುಗಿಸಿದ ಹುಡುಗರನ್ನೂ ಕಾಲೇಜಿನ ಆಟಗಾರರನ್ನೂ ಈ ತಂಡಗಳು ಪ್ರತಿ ವರ್ಷ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಒಂದು ತಂಡ ಹೆಸರು ಕೂಗಿತೆಂದರೆ ಆ ಹುಡುಗ ಉಳಿದ 29 ತಂಡಗಳ ಬಾಗಿಲು ತಟ್ಟುವಂತಿಲ್ಲ. ಆ ತಂಡ ಕೊಟ್ಟಷ್ಟಕ್ಕೆ ಒಪ್ಪಬೇಕು; ಇಲ್ಲವಾದರೆ ಓದಿಗೆ ಹಿಂತಿರುಗಿ ಮುಂದಿನ ಸರದಿಗೆ ಕಾಯಬೇಕು.

ಈ ಪದ್ಧತಿ ಹುಟ್ಟಿದ್ದು ಹೇಗೆ? 1964ರಲ್ಲಿ ರಿಕ್ ರೈಕಾರ್ಟ್ ಎಂಬ ಕಾಲೇಜು ಯುವಕನಿಗಾಗಿ ತಂಡಗಳು ಪೈಪೋಟಿಗೆ ಬಿದ್ದವು. ಕೊನೆಗೆ ಲಾಸ್ ಏಂಜಲೀಸಿನ ಏಂಜಲ್ಸ್ ತಂಡ 2,05,000 ಡಾಲರು ಕೊಟ್ಟಿತು. ಧಣಿಗಳು ಬೆಚ್ಚಿದರು. ಮರುವರ್ಷ, 1965ರ ಜೂನಿನಲ್ಲಿ, ಮೊದಲ ಡ್ರಾಫ್ಟ್ ನಡೆಯಿತು. ಅದರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ರಿಕ್ ಮಂಡೇ ಎಂಬಾತನಿಗೆ ದೊರೆತದ್ದು ಸುಮಾರು ಒಂದು ಲಕ್ಷ. ಒಂದೇ ವರ್ಷದಲ್ಲಿ ಹುಡುಗರ ತೋಳಿನ ಬಲ ಅರ್ಧಕ್ಕೆ ಇಳಿಯಿತೆ? ಇಲ್ಲ. ಕೊಳ್ಳುವವರು ಅನೇಕರಿದ್ದ ಕಡೆ ಒಬ್ಬನೇ ಉಳಿದ. ಕೊಳ್ಳುವವರೆಲ್ಲ ಒಳಗೊಳಗೇ ಮಾತಾಡಿಕೊಂಡು ಬಂದ ದಿನ ಮಂಡಿಯಲ್ಲಿ ಅಡಕೆಯ ಧಾರಣೆ ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಕಾನೂನು ಸುಮ್ಮನಿತ್ತೆ ಎಂದು ಓದುಗರು ಕೇಳಬಹುದು. ವ್ಯಾಪಾರದ ಏಕಸ್ವಾಮ್ಯವನ್ನು ತಡೆಯುವ ಕಾಯಿದೆ ಬೇಸ್‌ಬಾಲಿಗೆ ಅನ್ವಯಿಸದೆಂದು ಅಲ್ಲಿಯ ಸುಪ್ರೀಂ ಕೋರ್ಟು 1922ರಲ್ಲೇ ತೀರ್ಪಿತ್ತಿತು. ಆ ರಿಯಾಯಿತಿಯ ಬಹುಭಾಗ ಇನ್ನೂ ಉಳಿದಿದೆ.

ಇಷ್ಟಾದರೂ ಧಣಿಗಳಿಗೆ ತೃಪ್ತಿಯಾಗಲಿಲ್ಲ. ಹಟ ಹಿಡಿದು ಕುಳಿತ ಪ್ರತಿಭಾವಂತರಿಗೆ ಹೆಚ್ಚು ತೆರಬೇಕಾಗುತ್ತಿತ್ತು. 2012ರಿಂದ ಹೊಸ ಕಟ್ಟುಪಾಡು ಬಂತು. ಮೊದಲ ಹತ್ತು ಸುತ್ತುಗಳ ಪ್ರತಿಯೊಂದು ಸ್ಥಾನಕ್ಕೂ ಒಂದು ಬೆಲೆ ನಿಗದಿ. ಒಂದು ತಂಡದ ಸ್ಥಾನಗಳ ಬೆಲೆ ಕೂಡಿದರೆ ಅದು ಆ ತಂಡದ ಗಂಟು. ಗಂಟಿಗಿಂತ ಹೆಚ್ಚು ಖರ್ಚು ಮಾಡಿದರೆ ಹೆಚ್ಚಿನ ಹಣದ ಮೇಲೆ ನೂರಕ್ಕೆ 75ರಂತೆ ದಂಡ. ಹೆಚ್ಚಳವು ನೂರಕ್ಕೆ ಐದನ್ನು ದಾಟಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಹೋಯಿತು. ಕಾರ್ಮಿಕನಿಗೆ ಹೆಚ್ಚು ಕೂಲಿ ಕೊಟ್ಟ ತಪ್ಪಿಗೆ ಮಾಲೀಕನಿಗೆ ಶಿಕ್ಷೆ! ಇಂಥ ದಂಡಸಂಹಿತೆಯನ್ನು ಬಂಡವಾಳಶಾಹಿಯಲ್ಲದೆ ಮತ್ತಾರು ಬರೆದಾರು?

ಈ ಗಂಟನ್ನು ಹಂಚುವ ಚಾತುರ್ಯವನ್ನು ನೋಡಿರಿ. 2012ರಲ್ಲಿ ಹ್ಯೂಸ್ಟನ್ ತಂಡ ಕಾರ್ಲೊಸ್ ಕೊರಿಯಾ ಎಂಬ ಹುಡುಗನನ್ನು ಮೊದಲನೆಯವನಾಗಿ ಆರಿಸಿತು. ಆ ಸ್ಥಾನದ ಬೆಲೆ 72 ಲಕ್ಷ ಡಾಲರು; ಅವನು ಒಪ್ಪಿದ್ದು 48 ಲಕ್ಷಕ್ಕೆ. ಉಳಿತಾಯದ ಬಲದಿಂದ ಲ್ಯಾನ್ಸ್ ಮೆಕಲರ್ಸ್ ಎಂಬ ಇನ್ನೊಬ್ಬ ಹುಡುಗನಿಗೆ 25 ಲಕ್ಷ ಕೊಟ್ಟರು. ಪತ್ರಿಕೆಗಳು ತಂಡದ ಜಾಣ್ಮೆಯನ್ನು ಹೊಗಳಿದವು. ಆದರೆ ಕೆಳಗಿನ ಸುತ್ತುಗಳಲ್ಲಿ ಏನು ನಡೆಯುತ್ತದೆ? ಕಾಲೇಜಿನ ಕೊನೆಯ ವರ್ಷ ಮುಗಿಸಿದವನನ್ನು ಆರಿಸುತ್ತಾರೆ. ಹೈಸ್ಕೂಲಿನ ಹುಡುಗ ‘ಕಾಲೇಜಿಗೆ ಹೋಗುತ್ತೇನೆ’ ಎಂದು ಹೆದರಿಸಬಲ್ಲ. ಇವನಿಗೆ ಹೋಗಲು ಜಾಗವಿಲ್ಲ. ಸ್ಥಾನಕ್ಕೆ ಲಕ್ಷಕ್ಕೂ ಮಿಕ್ಕ ಬೆಲೆಯಿದ್ದರೂ ಅವನ ಕೈಗೆ ಕೆಲವೇ ಸಾವಿರ ಹಾಕಿ ಸಹಿ ಪಡೆಯುತ್ತಾರೆ. ಮಿಕ್ಕದ್ದು ಮತ್ತೊಬ್ಬ ಹುಡುಗನಿಗೆ. ಒಬ್ಬನ ಹೆಚ್ಚಳ ಇನ್ನೊಬ್ಬನ ಕಡಿತದಿಂದ ಬರುತ್ತದೆ; ಧಣಿಯ ತಿಜೋರಿ ಅಲುಗುವುದಿಲ್ಲ. ಬೆಲೆ ನಿಂತಿರುವುದು ಆಟದ ಮೇಲಲ್ಲ, ಹುಡುಗನ ನಿರುಪಾಯದ ಮೇಲೆ. 2020ರ ಕೋವಿಡ್ ವರ್ಷದಲ್ಲಿ 40 ಸುತ್ತುಗಳನ್ನು ಐದಕ್ಕೆ ಇಳಿಸಿ, ಉಳಿದ ಯಾರಿಗೂ 20,000 ಡಾಲರಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟು ಮಾಡಿದರು. ಹೀಗೆ ಸಾಂಕ್ರಾಮಿಕವೂ ಧಣಿಗಳಿಗೆ ಉಳಿತಾಯವಾಯಿತು.

‘ಬಹುಮಂದಿ ಹುಡುಗರು ಮೇಲೆ ಬರುವುದಿಲ್ಲ, ನಷ್ಟ ನಮ್ಮದು’ ಎಂದು ಧಣಿಗಳು ಗೊಣಗುತ್ತಾರೆ. ನಿಜ, 1991ರಲ್ಲಿ 15.5 ಲಕ್ಷ ಪಡೆದ ಬ್ರೈನ್ ಟೇಲರ್ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಮೇಲೆ ಬಂದವನನ್ನು ಅಲ್ಲಿ ಆರು ವರ್ಷ ತಂಡವೇ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಸುಮಾರು ಮೂರು ವರ್ಷ ಅವನಿಗೆ ಹೆಚ್ಚುಕಡಮೆ ಕನಿಷ್ಠ ಸಂಬಳ. ಸೋತವರ ನಷ್ಟವನ್ನು ತುಂಬುವುದು ಗೆದ್ದವರ ದುಡಿಮೆ. ‘ಬಡ ತಂಡಗಳು ಉಳಿಯಬೇಡವೆ?’ ಎಂಬುದು ಇನ್ನೊಂದು ವಾದ. ಉಳಿಯಲಿ. ತಂಡತಂಡಗಳ ನಡುವೆ ವರಮಾನ ಹಂಚಿಕೊಳ್ಳುವ ಪದ್ಧತಿ ಅವರಲ್ಲಿ ಆಗಲೇ ಇದೆ, ಅದನ್ನೇ ಹೆಚ್ಚಿಸಲಿ. ಧನಿಕರ ಸಮಾನತೆಗೆ ಹದಿನೆಂಟರ ಹುಡುಗ ಏಕೆ ತೆರಿಗೆ ತೆರಬೇಕು?

ನಮ್ಮನ್ನು ಹೆಚ್ಚು ನೋಯಿಸುವ ಮಾತು ಬೇರೆಯಿದೆ. 2012ರ ಕಟ್ಟುಪಾಡಿಗೆ ಧಣಿಗಳ ಜೊತೆ ಸಹಿ ಹಾಕಿದ್ದು ಆಟಗಾರರದೇ ಸಂಘ. ಹೋರಾಡಿ, ಆಟಗಾರ ಆಜೀವ ಪರ್ಯಂತ ಒಂದೇ ತಂಡದ ಸೊತ್ತೆಂಬ ನಿಯಮವನ್ನು 1975ರಲ್ಲಿ ಮುರಿದ ಸಂಘವದು. ಆದರೆ ಇನ್ನೂ ಆಯ್ಕೆಯಾಗದ ಹುಡುಗ ಸಂಘದ ಸದಸ್ಯನಲ್ಲ, ಅವನಿಗೆ ಮತವಿಲ್ಲ. ಪಂಕ್ತಿಯಲ್ಲಿ ಕುಳಿತವರು ಬಾಗಿಲಲ್ಲಿ ನಿಂತವನ ಎಲೆಯನ್ನು ಬಿಟ್ಟುಕೊಟ್ಟರು. ಸಂಘಟನೆ ಏನು ಮಾಡಬಲ್ಲದೆಂಬುದಕ್ಕೂ ಸಾಕ್ಷಿ ಅಲ್ಲೇ ಇದೆ. 2022ರಲ್ಲಿ ಕೆಳ ಲೀಗುಗಳ ಆಟಗಾರರು ಅದೇ ಸಂಘಕ್ಕೆ ಸೇರಿದರು. 2023ರ ಒಪ್ಪಂದದಲ್ಲಿ ತೀರ ಕೆಳಗಿನ ಮೆಟ್ಟಿಲಿನ ವಾರ್ಷಿಕ ಸಂಬಳ 4,800 ಡಾಲರಿನಿಂದ 19,800ಕ್ಕೆ ಏರಿತು. ಇದು ಧಣಿಗಳು ದಯೆಯಿಂದ ಕೊಟ್ಟದ್ದಲ್ಲ.

ಆದ್ದರಿಂದ ನಾವು ಹೇಳುವುದಿಷ್ಟೆ. ಮುಂದಿನ ಒಪ್ಪಂದ ಬರೆಯುವಾಗ ಹೆಚ್ಚು ಕೊಟ್ಟವನಿಗೆ ವಿಧಿಸುವ ದಂಡ ಹೋಗಲಿ. ಹುಡುಗ ಒಂದಕ್ಕಿಂತ ಹೆಚ್ಚು ತಂಡಗಳೊಡನೆ ಮಾತಾಡಲಿ. ಯಾರ ಬೆಲೆ ಕಟ್ಟಲಾಗುತ್ತಿದೆಯೋ ಅವರ ಪ್ರತಿನಿಧಿಗೆ ಆ ಮೇಜಿನಲ್ಲಿ ಕುರ್ಚಿಯಿರಲಿ. ನಾಳೆ ಕೆಲಸಕ್ಕೆ ಬರುವವನ ಕೂಲಿಯನ್ನು ಬಿಟ್ಟುಕೊಟ್ಟು ಇಂದಿನ ಕೂಲಿಯನ್ನು ಉಳಿಸಿಕೊಳ್ಳುವ ಸಂಘ, ಅದು ಯಾವ ದೇಶದ್ದೇ ಆಗಲಿ, ತನ್ನ ಬಲವನ್ನು ತಾನೇ ಮಾರಿಕೊಂಡಂತೆ.