ಮೂರು ಪದಗಳ ಅಧಿಕಾರ

ಗಣಕಯಂತ್ರದ ವಿಚಾರವೇನಿದ್ದರೂ ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದು, ಕಲಾ ವಿಭಾಗದವರಿಗೆ ಅದರ ಗೊಡವೆ ಬೇಡ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಂತ್ರವನ್ನು ಕಟ್ಟುವ ಕೆಲಸ ಅವರದಾಗಿರಲಿ. ಅದಕ್ಕೆ ಪ್ರಶ್ನೆ ಹಾಕುವ ಕೆಲಸ ಭಾಷೆಗೂ ತರ್ಕಶಾಸ್ತ್ರಕ್ಕೂ ಸೇರಿದ್ದು. ಅವೆರಡೂ ನಮ್ಮ ಮನೆಯ ಸೊತ್ತುಗಳೇ ಅಲ್ಲವೆ?

ಈ ತರ್ಕದ ಮೂಲಪುರುಷ ಜಾರ್ಜ್ ಬೂಲ್, ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಜೋಡು ಹೊಲಿಯುತ್ತಿದ್ದವನೊಬ್ಬನ ಮಗ. ಉನ್ನತ ಗಣಿತವನ್ನು ತಾನೇ ಓದಿ ಕಲಿತ ಆತ, 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಲೋಚನೆಯ ನಿಯಮಗಳನ್ನು ಬೀಜಗಣಿತದ ರೂಪಕ್ಕೆ ತಂದನು. ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಬಳಸುವ ಕ್ರಮವನ್ನು 1970ರಲ್ಲಿ ಎಡ್ಗರ್ ಕಾಡ್ ವಿವರಿಸಿದನು. ಇಂದು ಅಂಥ ಡೇಟಾಬೇಸಿನಿಂದ ಬೇಕಾದವರನ್ನು ಆರಿಸುವ ಪ್ರಶ್ನೆಗಳು 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಪದಗಳನ್ನು ಆಧರಿಸಿವೆ.

ಪದಗಳು ಸಣ್ಣವು, ಪರಿಣಾಮ ದೊಡ್ಡದು. "ಕೋಲಾರ ಮತ್ತು ತುಮಕೂರು ಜಿಲ್ಲೆಯವರ ಪಟ್ಟಿ ಕೊಡಿ" ಎಂದರೆ ಗುಮಾಸ್ತರು ಎರಡು ಜಿಲ್ಲೆಯವರನ್ನೂ ಬರೆದುಕೊಡುತ್ತಾರೆ. ಯಂತ್ರವಾದರೋ ಒಬ್ಬನೇ ಏಕಕಾಲಕ್ಕೆ ಎರಡೂ ಜಿಲ್ಲೆಯವನಾಗಿರಬೇಕೆಂದು ಹುಡುಕಿ, ಬರಿದಾದ ಪಟ್ಟಿಯನ್ನು ಒಪ್ಪಿಸುತ್ತದೆ. ಅಲ್ಲಿ ಹೇಳಬೇಕಾದದ್ದು 'ಅಥವಾ'. ಹಾಗೆಂದು "ಕೋಲಾರ ಅಥವಾ ತುಮಕೂರು ಮತ್ತು ಪ್ರಥಮ ದರ್ಜೆ" ಎಂದು ಬರೆದರೂ ಸಾಲದು. ಯಂತ್ರ 'ಮತ್ತು'ವನ್ನು ಮೊದಲು ಕೂಡಿಸುವುದರಿಂದ ತುಮಕೂರಿನವರಲ್ಲಿ ಪ್ರಥಮ ದರ್ಜೆಯವರು ಮಾತ್ರ, ಕೋಲಾರದವರಲ್ಲಿ ಎಲ್ಲರೂ ಪಟ್ಟಿಗೆ ಬರುತ್ತಾರೆ. ಜಿಲ್ಲೆಗಳೆರಡನ್ನೂ ಆವರಣ ಚಿಹ್ನೆಯೊಳಗೆ ಇಟ್ಟರೆ ಮಾತ್ರ ನ್ಯಾಯ ಸಿಕ್ಕೀತು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಒಬ್ಬ ವಿದ್ಯಾರ್ಥಿಯ ಆದಾಯದ ಅಂಕಣ ಖಾಲಿ ಇದೆಯೆನ್ನಿ. "ಆದಾಯ ಎರಡು ಲಕ್ಷಕ್ಕಿಂತ ಕಡಿಮೆ" ಎಂದು ಕೇಳಿದರೆ ಅವನ ಹೆಸರು ಬಾರದು. "ಕಡಿಮೆ ಅಲ್ಲ" ಎಂದು ಕೇಳಿದರೂ ಬಾರದು! ಖಾಲಿ ಅಂಕಣಕ್ಕೆ ಯಂತ್ರ ಕೊಡುವ ಬೆಲೆ ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. 'ತಿಳಿಯದು' ಎಂಬ ಮೂರನೆಯದು. ಬೂಲನ ತರ್ಕದಲ್ಲಿ ಇಲ್ಲದ ಈ ಮೂರನೆಯದು ಡೇಟಾಬೇಸಿನಲ್ಲಿ ಉಂಟು. ಯಾರೂ ಅಳಿಸದೆಯೇ ಒಬ್ಬ ಬಡ ವಿದ್ಯಾರ್ಥಿ ಎರಡು ಪಟ್ಟಿಗಳಿಂದಲೂ ಮಾಯವಾಗುತ್ತಾನೆ. ಆದಾಯದ ಪತ್ರ ತರಲಾರದೆ ಅಂಕಣವನ್ನು ಖಾಲಿ ಬಿಡುವವರಲ್ಲಿ, ವಿದ್ಯಾರ್ಥಿವೇತನದ ಅಗತ್ಯ ಹೆಚ್ಚಾಗಿರುವವರೇ ಇರಬಹುದಲ್ಲವೆ?

"ಇದನ್ನೆಲ್ಲ ತಂತ್ರಜ್ಞರು ನೋಡಿಕೊಳ್ಳುತ್ತಾರೆ" ಎಂದು ಕೆಲವರು ಹೇಳಬಹುದು. ಅಂಕಣ ಖಾಲಿ ಇದೆಯೆಂಬುದನ್ನು ಅವರು ಬಲ್ಲರು. ಏಕೆ ಖಾಲಿ ಇದೆ, ಆ ಮನೆಯ ಸ್ಥಿತಿಯೇನು ಎಂಬುದನ್ನು ಬಲ್ಲವರು ಜನಜೀವನವನ್ನು ಅಭ್ಯಾಸ ಮಾಡಿದವರು. ನಾಳೆ ಕಚೇರಿಗಳಲ್ಲಿ ಕುಳಿತು ಇಂಥ ಪಟ್ಟಿಗಳಿಗೆ ರುಜು ಹಾಕುವವರು ನಮ್ಮಲ್ಲಿಯೇ ಅನೇಕರು.

ಆದುದರಿಂದ ಗುರುವರ್ಗದಲ್ಲಿ ನನ್ನ ಬಿನ್ನಹವಿಷ್ಟೆ: ಕಲಾ ವಿದ್ಯಾರ್ಥಿಗಳಿಗೂ ಈ ತರ್ಕದ ನಾಲ್ಕು ಪಾಠಗಳು ದೊರೆಯಲಿ. ಸಹಪಾಠಿಗಳಲ್ಲಿ ಕೋರಿಕೆ ಇನ್ನೊಂದು: ಯಾವ ಪಟ್ಟಿ ಕೈಗೆ ಬಂದರೂ, ಅಂಕಣ ಖಾಲಿ ಉಳಿದವರ ಪಟ್ಟಿಯನ್ನೂ ಕೇಳಿ ಪಡೆಯೋಣ.