ಮರಳಿ ಬಂದವರ ಲೆಕ್ಕ

ಹಳೆಯ ಮ್ಯಾನೇಜರ್ ಮರಳಿದಾಗ ಫುಟ್‌ಬಾಲ್ ಅಭಿಮಾನಿಗಳು ಪಡುವ ಸಂಭ್ರಮವನ್ನು ಗತವೈಭವದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಲಿವರ್‌ಪೂಲಿನ ಕೆನ್ನಿ ಡಾಲ್‌ಗ್ಲಿಷರ ವಿಷಯದಲ್ಲಿ ನಾವು ಹಾಗೆನ್ನಲಾರೆವು. 1989ರ ಹಿಲ್ಸ್‌ಬರೋ ದುರಂತಕ್ಕೆ ಆ ಕ್ಲಬ್ಬಿನ 97 ಅಭಿಮಾನಿಗಳು ಬಲಿಯಾದರು. ಡಾಲ್‌ಗ್ಲಿಷ್ ಅಂತ್ಯಸಂಸ್ಕಾರಗಳಿಗೆ ಹೋದರು, ಮನೆಯವರ ಜೊತೆ ನಿಂತರು. ಬಳಲಿ 1991ರಲ್ಲಿ ಹುದ್ದೆ ತೊರೆದರು.

2011ರ ಜನವರಿಯಲ್ಲಿ ಅವರು ಮರಳಿದಾಗ ಜನ ಹರ್ಷಿಸಿದ್ದು ಗೆಲುವಿನ ಆಸೆಯಿಂದಷ್ಟೇ ಅಲ್ಲ, ಋಣದ ನೆನಪಿನಿಂದ. ಮರುವರ್ಷ ಲೀಗ್ ಕಪ್ ಬಂದಿತು. ಆದರೆ ಪ್ರೀಮಿಯರ್ ಲೀಗಿನಲ್ಲಿ ಸಿಕ್ಕಿದ್ದು ಎಂಟನೆಯ ಸ್ಥಾನ. ಮೇ ತಿಂಗಳಲ್ಲಿ ಕ್ಲಬ್ಬು ಅವರನ್ನು ಬಿಟ್ಟುಕೊಟ್ಟಿತು.

ಅಂಕಪಟ್ಟಿ ನೋಡುವುದು ಆಡಳಿತದ ಧರ್ಮವಾದರೆ ಋಣ ನೆನೆಯುವುದು ಅಭಿಮಾನಿಯ ಧರ್ಮ. 2017ರಲ್ಲಿ ಅದೇ ಕ್ಲಬ್ಬು ಆನ್‌ಫೀಲ್ಡ್ ಕ್ರೀಡಾಂಗಣದ ಒಂದು ಸ್ಟ್ಯಾಂಡಿಗೆ ಅವರ ಹೆಸರಿಟ್ಟಿತು. ಅಭಿಮಾನಿಗಳ ಲೆಕ್ಕವೇ ಉಳಿಯಿತೆಂದು ನಾವು ಭಾವಿಸುತ್ತೇವೆ.