ಕೊನೆಯ ದಿನಾಂಕ ಹುಡುಗರಿಗೆ ಮಾತ್ರಾನಾ?

ಸ್ಕಾಲರ್‌ಶಿಪ್ ಅರ್ಜಿ ಕರೆದಾಗಲೆಲ್ಲ ಪೇಪರಿನಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿರುತ್ತೆ: ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ ಇಂಥದ್ದು. ಇರಲಿ, ಸರ್ಕಾರಿ ಕೆಲಸ ಅಂದಮೇಲೆ ಒಂದು ದಿನಾಂಕ ಬೇಕೇ ಬೇಕು. ನನ್ನ ತಕರಾರು ಅದಲ್ಲ. ದುಡ್ಡು ಕೊಡುವುದಕ್ಕೆ ಕೊನೆಯ ದಿನಾಂಕ ಯಾವುದು ಸ್ವಾಮಿ? ಅರ್ಜಿ ಹಾಕಿದ ಹುಡುಗನ ಕೈಗೆ ಸಿಗುವ ಪ್ರಿಂಟೌಟಿನಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ!

ನಮ್ಮ ರಾಜ್ಯದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್ಎಸ್‌ಪಿ ಅನ್ನುವ ಪೋರ್ಟಲ್ ಇದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಅಂತ ಇಲಾಖೆಗಳಿಗೆ ಅಲೆಯುವ ಬದಲು ಒಂದೇ ಕಡೆ ಅರ್ಜಿ. ಐಡಿಯಾ ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಅರ್ಜಿ ಹಾಕಲು ಕೂತವರನ್ನು ಕೇಳಿ ನೋಡಿ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದು ಅದರ ಆರ್‌ಡಿ ನಂಬರ್ ಹಾಕಬೇಕು. ಆಧಾರ್‌ನಲ್ಲಿ 'ಮಂಜುನಾಥ ಎಸ್', ಮಾರ್ಕ್ಸ್ ಕಾರ್ಡಿನಲ್ಲಿ 'ಎಸ್ ಮಂಜುನಾಥ' ಅಂತಿದ್ದರೆ ಅಲ್ಲಿಗೆ ಒಂದು ವಾರ ಹೋಯಿತು. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಕೂಡ ಆಗಿರಬೇಕು. ಅದು ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ ಆಗಿದ್ದರೆ ದುಡ್ಡು ಅಲ್ಲಿಗೇ ಹೋಗುತ್ತೆ. ಇದಾದಮೇಲೆ ದಾಖಲೆಗಳ ಇ-ದೃಢೀಕರಣ, ಆಮೇಲೆ ಕಾಲೇಜಿನವರ ಕೆಲಸ, ಆಮೇಲೆ ಇಲಾಖೆಯವರ ಕೆಲಸ. ಸೈಬರ್ ಸೆಂಟರಿನವನಿಗೆ ಕೊಟ್ಟ ದುಡ್ಡು, ಕೂಲಿ ಬಿಟ್ಟು ಜೊತೆಗೆ ಬಂದ ಅಪ್ಪನ ದಿನದ ಸಂಬಳ, ಇವು ಯಾವ ಲೆಕ್ಕಕ್ಕೂ ಇಲ್ಲ.

ಇಷ್ಟೆಲ್ಲಾ ಮಾಡಿದವನು ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು. ಒಂದು ವರ್ಷದಲ್ಲಿ ಜಾತಿ ಬದಲಾಗುತ್ತಾ? ಜಾತಿ ಪತ್ರ ಕೊಟ್ಟಿದ್ದು ಕಂದಾಯ ಇಲಾಖೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟಿದ್ದು ಸರ್ಕಾರದ ಮಂಡಳಿ. ರೇಷನ್ ಕಾರ್ಡ್ ಕೊಟ್ಟಿದ್ದು ಆಹಾರ ಇಲಾಖೆ. ಸರ್ಕಾರ ತಾನೇ ಕೊಟ್ಟ ಕಾಗದವನ್ನು ಹುಡುಗರ ಕೈಯಲ್ಲಿ ತನಗೇ ತರಿಸಿಕೊಳ್ಳುತ್ತಿದೆ.

"ಇಷ್ಟು ಜನರಿಗೆ ಕೊಡೋದು ಸುಲಭಾನಾ?" ಅಂತ ಕೇಳಬಹುದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ಅದನ್ನು ನೋಡಿ. ರೇಷನ್ ಕಾರ್ಡು, ಆಧಾರ್ ಇಟ್ಟುಕೊಂಡು ಕೋಟಿಗೂ ಹೆಚ್ಚು ಹೆಂಗಸರನ್ನು ನೋಂದಾಯಿಸಿದರು. ಅಲ್ಲೂ ಕಂತು ಹಿಂದೆಮುಂದೆ ಆಗುತ್ತೆ, ನಿಜ. ಆದರೆ ಪ್ರತಿ ವರ್ಷ ಹೊಸ ಅರ್ಜಿ ಹಾಕಿ ಅಂತ ಯಾರೂ ಆ ತಾಯಂದಿರನ್ನು ಕಾಡಲಿಲ್ಲ. ಮನಸ್ಸು ಮಾಡಿದರೆ ಆಗುತ್ತೆ ಅಂತಾಯಿತು. ವಿದ್ಯಾರ್ಥಿಗಳ ವಿಷಯದಲ್ಲಿ ಆ ಮನಸ್ಸು ಎಲ್ಲಿ ಹೋಯಿತು?

ಇನ್ನೊಂದು ವಾದವಿದೆ. ಪರಿಶೀಲನೆ ಬಿಗಿ ಇಲ್ಲದಿದ್ದರೆ ಮೋಸ ಆಗುತ್ತೆ ಅಂತ. ಮೋಸ ಆಗುತ್ತೆ, ಒಪ್ಪಿದೆ. ಯಾರು ಮಾಡಿದ್ದು? ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದಲ್ಲಿ 1,572 ಸಂಸ್ಥೆಗಳನ್ನು ತಪಾಸಣೆ ಮಾಡಿದಾಗ 830 ನಕಲಿ ಅಂತ ಗೊತ್ತಾಗಿ, 2023ರಲ್ಲಿ ಅದು ಸಿಬಿಐಗೆ ಹೋಯಿತು. ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚು ಅಂತ ಆಗ ಲೆಕ್ಕ ಹಾಕಿದ್ದರು. ಇದೇ ಆಧಾರ್, ಇದೇ ಆನ್‌ಲೈನ್, ಇದೇ ಪರಿಶೀಲನೆ ದಾಟಿಕೊಂಡೇ ಇಲ್ಲದ ಸಂಸ್ಥೆಗಳು ದುಡ್ಡು ಹೊಡೆದವು. ಇನಿಶಿಯಲ್ ಹಿಂದೆಮುಂದೆ ಆದ ಮಂಜುನಾಥ ಮಾತ್ರ ಸಿಕ್ಕಿಬಿದ್ದ!

ಈಗ ದುಡ್ಡಿನ ಮಾತಿಗೆ ಬರೋಣ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿದ್ದ ಕಾಲದ್ದು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ್ದು 60 ಪಾಲು, ರಾಜ್ಯದ್ದು 40. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ, ಅದೂ ನಿಗದಿತ ವೇಳಾಪಟ್ಟಿಯಂತೆ ಅಂತ ಆಗ ಹೇಳಿದ್ದರು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕಾಲೇಜಿನವರು ಫೀಸು ಕೇಳುವುದು ಅಡ್ಮಿಶನ್ ದಿನ. ವರ್ಷಕ್ಕೆ ಎರಡೂವರೆ ಲಕ್ಷ ಆದಾಯ ದಾಟದ ಮನೆಯವರು ಅವತ್ತು ಎಲ್ಲಿಂದ ತರಬೇಕು? ಕೈಸಾಲ, ಸಂಘದ ಸಾಲ, ಇಲ್ಲವಾದರೆ ಅಮ್ಮನ ಓಲೆ ಅಡ. ವರ್ಷ ಮುಗಿಯುವ ಹೊತ್ತಿಗೆ ಸ್ಕಾಲರ್‌ಶಿಪ್ ಬಂದರೂ ಅದು ಬಡ್ಡಿಗೆ ಹೋಗುತ್ತೆ. ಸಾಲ ಹುಟ್ಟದೇ ಇದ್ದವರು ಕಾಲೇಜೇ ಬಿಡುತ್ತಾರೆ. ಮೊದಲು ಬಿಡಿಸುವುದು ಯಾರನ್ನ ಅಂತ ನಿಮಗೂ ಗೊತ್ತು. ಮನೆಯ ಹೆಣ್ಣುಮಗಳನ್ನ.

ದಾರಿ ಇಲ್ಲವೇ ಅಂದರೆ ಇದೆ. ಹೊಸದೇನೂ ಬೇಕಾಗಿಲ್ಲ. 2011ರ ಸಕಾಲ ಕಾಯ್ದೆ ನಮ್ಮಲ್ಲೇ ಇದೆ. ಹೇಳಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದನ್ನು ತಪ್ಪು ಮಾಡಿದ ನೌಕರನಿಂದ ವಸೂಲಿ ಮಾಡಬೇಕು. ಸಣ್ಣ ಮೊತ್ತವೇ, ಆದರೆ ತಡವಾದರೆ ಯಾರೋ ಒಬ್ಬರು ಉತ್ತರ ಕೊಡಬೇಕು ಅನ್ನುವುದು ಅದರಲ್ಲಿದೆ. ಅದೇ ಮಾದರಿ ಇಲ್ಲಿಗೂ ಬರಲಿ. ಅರ್ಜಿಯ ಪ್ರಿಂಟೌಟಿನಲ್ಲೇ ದುಡ್ಡು ಜಮಾ ಆಗುವ ಕೊನೆಯ ದಿನಾಂಕ ಅಚ್ಚಾಗಲಿ. ಅರ್ಜಿ ತಿರಸ್ಕರಿಸಿದರೆ ಕಾರಣ ಹೇಳಿ, ತಿದ್ದಿಕೊಳ್ಳಲು ಸಮಯ ಕೊಡಲಿ. ಪಾಸಾದವನು ಮರುವರ್ಷ ಹೊಸದಾಗಿ ಅರ್ಜಿ ಹಾಕುವುದು ನಿಲ್ಲಲಿ. ಸರ್ಕಾರದ ದುಡ್ಡು ಬರುವ ತನಕ ಆ ಬಾಕಿಗಾಗಿ ಕಾಲೇಜಿನವರು ಹಾಲ್ ಟಿಕೆಟ್ ತಡೆಯಬಾರದು ಅಂತ ಖಡಕ್ಕಾಗಿ ಹೇಳಲಿ.

ಇದನ್ನು ಓದುತ್ತಿರುವವರಲ್ಲಿ ಸ್ಕಾಲರ್‌ಶಿಪ್‌ನಿಂದಲೇ ಓದಿ ಈಗ ಒಳ್ಳೆಯ ಕೆಲಸದಲ್ಲಿರುವವರೂ ಇರುತ್ತೀರಿ. ನಿಮ್ಮ ಊರಿನ ಎಮ್ಮೆಲ್ಲೆ ಸಿಕ್ಕಾಗ ಒಂದೇ ಒಂದು ಪ್ರಶ್ನೆ ಕೇಳಿ: ಹುಡುಗರಿಗೆ ಕೊನೆಯ ದಿನಾಂಕ ಇದೆ, ನಿಮ್ಮದು ಯಾವತ್ತು?